ಹನ್ನೊಂದು ಸೆಕೆಂಡು

ಕುತಾಯಿಸಿಯ ಈ ಲ್ಯಾಬಿಗೆ ಹೀಟರು ಒಂದೇ.
ಬೆನ್ನು ಕಾಯಿಸಿಕೊಳ್ಳಲು ಸರದಿಯಲ್ಲಿ ಹದಿನಾಲ್ಕು ಮಂದಿ.
ಬೋರ್ಡಿನ ಮೇಲೆ ಬರೆದೆ:
ಚಿತ್ರ, ದನಿ, ಅಕ್ಷರ, ಚಲನೆ.
ಐದನೆಯದೊಂದು ಇತ್ತು, ಹೆಸರು ಬಾಯಿಗೆ ಬರಲಿಲ್ಲ,
ಪೆನ್ನಿನ ಮುಚ್ಚಳ ಹಾಕಿದೆ.

ಮೊದಲ ತಿಂಗಳು ಎಲ್ಲರಿಗೂ ಎಲ್ಲವೂ ಬೇಕು.
ಜಾಬಾನ ಪರದೆಯಲ್ಲಿ ಏಳು ನಮೂನೆಯ ಅಕ್ಷರ,
ಮೂಲೆಯಿಂದ ಗಿರಕಿ ಹೊಡೆದು ಬರುವ ತಲೆಬರಹ,
ಬೆರಳು ತಾಗಿದಲ್ಲೆಲ್ಲ ಚೀರುವ ಗುಂಡಿ.
ನಮ್ಮ ಔತಣದ ಮೇಜಿನಂತಿದೆ, ಅಂದೆ,
ತಟ್ಟೆಯ ಮೇಲೆ ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ;
ಬಂದವನು ಉಪ್ಪು ಹುಡುಕಿ ಸುಸ್ತಾಗಿ ಎದ್ದು ಹೋಗುತ್ತಾನೆ.
ಅಳಿಸು. ಇನ್ನೂ ಅಳಿಸು.
ಅಳಿಸಿದ್ದಕ್ಕೆ ಅಂಕ ಎಷ್ಟು, ಎಂದ.
ಹುಡುಗ ತಮಾಷೆಗೆ ಕೇಳಿರಲಿಲ್ಲ.

ಚಿಯಾತೂರಾದಿಂದ ಬರುವ ಬಾದ್ರಿ ಮಾತ್ರ
ಮೂರು ವಾರ ಏನನ್ನೂ ತೋರಿಸಲಿಲ್ಲ.
ಕೊನೆಗೆ ಫೋನಿನಲ್ಲಿ ಒಂದು ದನಿ ತಂದ:
ನಲ್ಲಿಯ ನೀರು, ಹಿಂದೆ ಯಾರದೋ ಕೆಮ್ಮು,
ಆಮೇಲೆ ಗಂಟೆ, ಮೂರು ಸಲ.
ಗಣಿಗೆ ಜನರನ್ನು ಹೊತ್ತೊಯ್ಯುತ್ತಿದ್ದ ಹಳೆಯ ರೋಪ್‌ವೇ;
ಹಗ್ಗ ಬಿಚ್ಚಿದ್ದಾರೆ, ತೊಟ್ಟಿಲು ಇಳಿಸಿದ್ದಾರೆ,
ಗಂಟೆ ಮಾತ್ರ ತ್ಸಿಯಾಲಾ ಅಜ್ಜಿಯ ಅಡುಗೆಮನೆಯಲ್ಲಿದೆ.
ಇಪ್ಪತ್ತೊಂಬತ್ತು ವರ್ಷ ಬಾರಿಸಿದವಳು ಅವಳೇ.

ಇದನ್ನೇ ಕಟ್ಟೋಣ ಎಂದರು.
ನಾತೇಲಾ ಕಣಿವೆ ಬರೆದಳು, ಇದ್ದಿಲಿನಲ್ಲಿ, ಒಂಬತ್ತು ಪದರ;
ಬೆರಳು ಎಳೆದರೆ ಹತ್ತಿರದ್ದು ಬೇಗ ಸರಿಯಬೇಕು, ದೂರದ್ದು ನಿಧಾನ.
ಜಾಬಾ ಕೋಡ್ ಹೊಸೆದ.
ಕೆಮ್ಮು ತೆಗೆಯೋಣವೇ ಎಂದಾಗ
ಬಾದ್ರಿ ಹೆಡ್‌ಫೋನು ಕೊಡದೆ ಎದ್ದು ಹೋದ.

ಪದರ ಹೆಚ್ಚಿತು, ಭಾರ ಹೆಚ್ಚಿತು.
ತೆರೆಯಲು ಹನ್ನೊಂದು ಸೆಕೆಂಡು,
ಅಷ್ಟು ಹೊತ್ತೂ ಬಿಳಿ ಪರದೆಯ ನಡುವೆ ತಿರುಗುವ ಒಂದು ಬಳೆ.
ಮೂರು ದಾಟಿದರೆ ಯಾರೂ ಕಾಯುವುದಿಲ್ಲ:
ನಾನೇ ಕಲಿಸಿದ ಪಾಠ, ನನ್ನದೇ ಸ್ಲೈಡು,
ಕೆಂಪು ಅಕ್ಷರದಲ್ಲಿ.

ತ್ಸಿಯಾಲಾ ಬಸ್ಸಿನಲ್ಲಿ ಬಂದಳು, ಬಳಸಿ ನೋಡಲು,
ಚೀಲದ ತುಂಬ ಅಕ್ರೋಟು.
ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು
ಎರಡೂ ಕೈಯಲ್ಲಿ ಅಂಚು ಹಿಡಿದಳು.
ಬಳೆ ತಿರುಗಿತು. ಜಾಬಾ ಕ್ಷಮೆ ಕೇಳಿದ.
"ಯಾಕಪ್ಪಾ? ತೊಟ್ಟಿಲು ಕೆಳಗಿಂದ ಬರಬೇಡವೇ?
ಆದರೆ ಗಂಟೆ ಯಾಕೆ ಬಾರಿಸಲಿಲ್ಲ?
ಹೊರಟಿದೆ ಅಂತ ನಿಂತವರಿಗೆ ಹೇಗೆ ಗೊತ್ತಾಗಬೇಕು?"

ಅವತ್ತೇ ಬಳೆ ತೆಗೆದೆವು.
ಕತ್ತಲ ಪರದೆ, ಮೂರು ಸಲ ಗಂಟೆ, ನಡುವೆ ಆ ಕೆಮ್ಮು,
ಆಮೇಲೆ ಕಣಿವೆ.

ಇಲ್ಲಿಗೆ ನಿಲ್ಲಿಸಿದ್ದರೆ ಪಾಠ ಚೆನ್ನಾಗಿರುತ್ತಿತ್ತು.
ಜಾಬಾ ನಿಲ್ಲಿಸಲಿಲ್ಲ. ರಾತ್ರಿಯೆಲ್ಲ ಕೂತು
ಚಿತ್ರಗಳ ಭಾರ ಇಳಿಸಿ ನಾಲ್ಕು ಸೆಕೆಂಡಿಗೆ ತಂದ.
ಬೆಳಿಗ್ಗೆ ಕಣ್ಣು ಕೆಂಪು, ಮುಖದಲ್ಲಿ ಗೆದ್ದ ಕಳೆ.
ನಾನೂ ಭೇಷ್ ಅಂದೆ.
ನಾಲ್ಕರೊಳಗೆ ಮೂರು ಹೊಡೆತ ಹಿಡಿಸಲಿಲ್ಲ,
ಎರಡಕ್ಕೆ ಕತ್ತರಿಸಿ ಅಜ್ಜಿಗೆ ಫೋನಿನಲ್ಲಿ ಕೇಳಿಸಿದೆವು.
ಆಚೆ ಕಡೆ ಸದ್ದಿಲ್ಲ.
"ಎರಡು ಅಂದರೆ ಹತ್ತಬೇಡಿ ಅಂತ" ಎಂದಳು,
"ಹಗ್ಗಕ್ಕೆ ಏನೋ ಆಗಿದೆ ಅಂತ.
ಎರಡು ನಾನು ಬಾರಿಸಿದ್ದು ಒಂದೇ ಒಂದು ದಿನ."
ಯಾವಾಗ ಎಂದು ಯಾರೂ ಕೇಳಲಿಲ್ಲ.
ಬಾದ್ರಿಗೆ ಗೊತ್ತಿತ್ತೆಂದು ಕಾಣುತ್ತದೆ;
ತನ್ನ ಸರದಿ ಅಲ್ಲದಿದ್ದರೂ ಹೀಟರಿನ ಬಳಿ ಹೋಗಿ ನಿಂತ,
ಯಾರೂ ಎಬ್ಬಿಸಲಿಲ್ಲ.

ಈಗ ಅಂಕಪಟ್ಟಿ ನನ್ನ ಮುಂದಿದೆ.
ವೇಗ ಎಂಬ ಕಾಲಮ್ಮಿಗೆ ಹತ್ತು.
ಅವರ ಕಡತ ತೆರೆದು ಓದುತ್ತ ಹೋದೆ.
ನೂರಾ ನಲವತ್ತನೆಯ ಸಾಲಿನ ಹತ್ತಿರ
ಏಳು ಸೆಕೆಂಡು ಬೇಕೆಂದೇ ತಡೆದಿದ್ದಾನೆ ಜಾಬಾ,
ಮುಂದೆ ಯಾರಾದರೂ ತಿದ್ದಲು ಬಂದರೆ ಎಂದು
ಪಕ್ಕದಲ್ಲಿ ಟಿಪ್ಪಣಿ:
ಇಲ್ಲಿ ಕಾಯಬೇಕು. ತೆಗೆಯಬೇಡಿ.